ಕೀರ್ತನೆ ಮಾತ್ರ, ಕುಸ್ವಾರ್ ಇಲ್ಲ

ಲಿಯೊನೆಲ್ ಅವರನ್ನು ನಾನು ಮೊದಲು ಕಂಡದ್ದು ಎರಡು ಸಾವಿರದ ಹದಿನಾಲ್ಕರ ಸೆಪ್ಟೆಂಬರಿನ ಒಂದು ಶುಕ್ರವಾರ, ನಮ್ಮ ಕನ್ನಡ ಸಭೆಯ ಆರಾಧನೆಯಲ್ಲಿ. (ದುಬೈಯಲ್ಲಿ ಆಗ ವಾರದ ರಜೆ ಶುಕ್ರವಾರ. ಭಾನುವಾರ ದೇವರದ್ದೆಂದು ಊರಿನಲ್ಲಿ ಕಲಿತಿದ್ದ ನಾವು ಇಲ್ಲಿ ಅದನ್ನು ಮ್ಯಾನೇಜರಿಗೆ ಅರ್ಪಿಸಿದ್ದೆವು.) ಏಸಿಯ ಗಾಳಿ ನೇರ ನೆತ್ತಿಗೆ ಬಡಿಯುವುದರಿಂದ ಯಾರೂ ಕೂರದ ಒಂದು ಕುರ್ಚಿ ನಮ್ಮ ಆರಾಧನೆಯ ಹಾಲ್‌ನಲ್ಲಿದೆ. ಅವರು ಬಂದು ಅದರಲ್ಲೇ ಕುಳಿತರು. ಬೂದು ಬಣ್ಣದ ಅಂಗಿ, ಮಣಿಕಟ್ಟಿನವರೆಗೂ ಗುಂಡಿ ಹಾಕಿದ ತೋಳು, ಸೈಟಿನಲ್ಲಿ ಹಾಕುವ ಉಕ್ಕಿನ ಮೂತಿಯ ಬೂಟು. ಬೈಬಲಿಗೆ ಶಾಲೆಯ ಪುಸ್ತಕಕ್ಕೆ ಹಾಕುವಂತೆ ಕಂದು ಕಾಗದದ ಹೊದಿಕೆ. ಹಾಡು ಶುರುವಾದಾಗ ಎಲ್ಲರ ಜೊತೆ ಎದ್ದು ನಿಂತರು. ಆದರೆ ತುಟಿ ಬಿಚ್ಚಲಿಲ್ಲ.

ನಾನು ಅವರ ಪಕ್ಕದಲ್ಲೇ ನಿಂತು ಯಥಾಪ್ರಕಾರ ಶ್ರದ್ಧೆಯಿಂದ ಹಾಡುತ್ತಿದ್ದೆ. ಎರಡನೆಯ ಹಾಡಿಗೂ ಅವರ ಬಾಯಿ ಮುಚ್ಚಿಯೇ ಇತ್ತು. ಮೂರನೆಯದಕ್ಕೂ ಹಾಗೆಯೇ. ಆರಾಧನೆ ಮುಗಿದ ಮೇಲೆ ಸುಲೈಮಾನಿ ಚಹಾದ ಕಪ್ಪು ಹಿಡಿದು ಹತ್ತಿರ ಹೋದೆ.

"ಗಂಟಲು ನೋವಾ?" ಎಂದು ಕೇಳಿದೆ.

"ಇಲ್ಲ."

"ನಮ್ಮ ಹಾಡುಗಳು ಗೊತ್ತಿಲ್ಲವಾ?"

"ಎಲ್ಲ ಗೊತ್ತುಂಟು. ಹಾಡುವುದಿಲ್ಲ." ಅವರು ಚಹಾ ಊದಿ ಒಂದು ಗುಟುಕು ಕುಡಿದರು. "ನಾನು ಕ್ರೇನು ಪರೀಕ್ಷೆ ಮಾಡುವವ ಮಾರಾಯ್ರೆ, ಜೆಬೆಲ್ ಅಲಿಯಲ್ಲಿ. ಪರೀಕ್ಷೆ ಆಗದ ಹಗ್ಗದಲ್ಲಿ ಭಾರ ಎತ್ತಲಿಕ್ಕೆ ಬಿಡುವುದಿಲ್ಲ. ಈ ಹಾಡುಗಳನ್ನೆಲ್ಲ ಬರೆದದ್ದು ಯಾರು? ಮನುಷ್ಯರು. ಪರೀಕ್ಷೆ ಮಾಡಿದ್ದು ಯಾರು? ಯಾರೂ ಇಲ್ಲ. ದೇವರು ತಾನೇ ಬೈಬಲಿನಲ್ಲಿ ನೂರ ಐವತ್ತು ಕೀರ್ತನೆ ಬರೆಯಿಸಿ ಕೊಟ್ಟಿದ್ದಾನಲ್ಲ, ಅದು ಸಾಲದಾ?"

ನಾನು ಮುಲ್ಕಿಯ ಆಚೆಯ ಹಳ್ಳಿಯವನು. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲಿಗ. ಹೀಗೆ ಮೊದಲ ತಲೆಮಾರಿನಲ್ಲಿ ಬಿ.ಕಾಂ. ಮಾಡಿದವರಿಗೆ ಒಂದು ದೌರ್ಬಲ್ಯವಿರುತ್ತದೆ. ಯಾರಾದರೂ ಪ್ರಶ್ನೆಯನ್ನೂ ಅದರ ಉತ್ತರವನ್ನೂ ತಾವೇ ಹೇಳಿಬಿಟ್ಟರೆ ನಾವು ಸೋತುಹೋಗುತ್ತೇವೆ. ಚಹಾ ಮುಗಿಯುವಷ್ಟರಲ್ಲಿ ನಾನು ಕೀರ್ತನೆವಾದಿಯಾಗಿದ್ದೆ. ಬರಿಯ ಕೀರ್ತನೆ, ವಾದ್ಯವಿಲ್ಲದೆ, ಬಾಯಿಯಿಂದಲೇ. ಉಳಿದದ್ದೆಲ್ಲ ಖಲಾಸ್.

ಇದರಲ್ಲಿ ಒಂದೇ ಒಂದು ಸಣ್ಣ ತೊಡಕಿತ್ತು. ನಮ್ಮ ಸಭೆಯ ಗಾಯನ ತಂಡದ ಮುಖ್ಯಸ್ಥೆ, ಕೀಬೋರ್ಡಿನ ಒಡತಿ, ಪ್ರತಿ ಡಿಸೆಂಬರಿನಲ್ಲಿ ಮನೆಮನೆಗೆ ಹೋಗಿ ಕ್ರಿಸ್ಮಸ್ ಹಾಡು ಹಾಡುವ ಕ್ಯಾರಲ್ ಸೇನೆಯ ಮಹಾದಂಡನಾಯಕಿ ನನ್ನ ಹೆಂಡತಿ ಮಗ್ದಲೀನ್.

ಅಲ್ ಮುರಕ್ಕಬಾತಿನ ನಮ್ಮ ಫ್ಲ್ಯಾಟಿಗೆ ಬಂದ ಮೇಲೆ ವಿಷಯ ಮಂಡಿಸಿದೆ. ಅವಳು ಬಂಗುಡೆ ಹುರಿಯುತ್ತಿದ್ದಳು.

"ಅಂದರೆ ನಾನು ಇಷ್ಟು ವರ್ಷ ಹಾಡಿದ್ದು ಎಂತ?" ಎಂದಳು.

"ತಪ್ಪು ಅಂತ ಅಲ್ಲ. ಪರೀಕ್ಷೆ ಆಗದ ಹಗ್ಗ."

"ಹಾಗಾದರೆ ಪ್ರಾರ್ಥನೆ? ಮೊನ್ನೆ ನೀವು ಅಷ್ಟುದ್ದ ಪ್ರಾರ್ಥನೆ ಮಾಡಿದ್ರಲ್ಲ, ಪಕ್ಕದಲ್ಲಿ ಮಕ್ಕಳು ನಿದ್ದೆ ಹೋದವು. ಅದು ದೇವರು ಬರೆಯಿಸಿದ್ದಾ?"

"ಅದಕ್ಕೆ ಉತ್ತರ ಉಂಟು. ಲಿಯೊನೆಲರ ಹತ್ತಿರ ಕೇಳಿ ಹೇಳುತ್ತೇನೆ."

"ಯೇಸುಸ್ವಾಮಿಯ ಹೆಸರು ಕೀರ್ತನೆಯಲ್ಲಿ ಎಲ್ಲಿ ಉಂಟು? ಅವನ ಹೆಸರೇ ಹಿಡಿಯದೆ ಹಾಡುವುದಾ ನಾವು?"

"ಅದಕ್ಕೂ ಉತ್ತರ ಉಂಟು."

"ಅದನ್ನೂ ಅವರ ಹತ್ತಿರವೇ ಕೇಳಬೇಕಾ?"

"ಹೌದು."

"ಕೊನೆಯ ಕೀರ್ತನೆ ತೆಗೆದು ನೋಡಿ. ತಂತಿವಾದ್ಯ, ಕೊಳಲು, ತಾಳ, ಎಲ್ಲ ಬಾರಿಸಿ ಅಂತ ಉಂಟು. ಇದು ನನಗೇ ಗೊತ್ತುಂಟು, ಯಾರನ್ನೂ ಕೇಳಬೇಕಂತ ಇಲ್ಲ."

"ಅದು ಬೈಬಲ್ ಕಾಲದ ಹಳೆಯ ದೇವಾಲಯಕ್ಕೆ ಮಾತ್ರ." (ಇದೊಂದನ್ನು ಚಹಾದ ಹೊತ್ತಿನಲ್ಲೇ ಕೇಳಿಕೊಂಡಿದ್ದೆ. ಬಹಳ ಹೆಮ್ಮೆಯಿಂದ ಹೇಳಿದೆ.)

ಮಗ್ದಲೀನ್ ಬಂಗುಡೆಯನ್ನು ಮಗುಚಿ ಹಾಕಿದಳು. ಮಗುಚಿದ ರೀತಿಯಲ್ಲಿ ಆ ಮೀನಿನ ಜಾಗದಲ್ಲಿ ಬೇರೆ ಯಾರೋ ಇದ್ದಂತೆ ಕಂಡಿತು.

"ಕ್ರಿಸ್ಮಸ್ ಕ್ಯಾರಲ್?"

"ಕೀರ್ತನೆಗಳಲ್ಲಿ ಕ್ರಿಸ್ಮಸ್ ಇಲ್ಲ."

"ಕ್ರಿಸ್ಮಸ್ ತಿಂಡಿ ಕುಸ್ವಾರ್ ಉಂಟಾ? ನೆವರಿ, ಕಿಡ್ಯೋ, ಗುಳಿಯೋ? ಯಾವ ಕೀರ್ತನೆಯಲ್ಲಿ ಉಂಟು ತೋರಿಸಿ. ಇಲ್ಲದಿದ್ದರೆ ಈ ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ಅದೂ ಇಲ್ಲ."

ಏಳನೆಯ ತರಗತಿಯ ನಮ್ಮ ಮಗಳು ಶಾರನ್ ಸೋಫಾದಿಂದಲೇ ಕೂಗಿದಳು, "ಡ್ಯಾಡ್, ಜಸ್ಟ್ ಸೇ ಸಾರಿ!"

ಸಾರಿ ಹೇಳುವ ಬದಲು ನಾನು ಸಭೆಯ ಸಮಿತಿಗೆ ಅರ್ಜಿ ಕೊಟ್ಟೆ. ನಮ್ಮ ಪಾಸ್ಟರ್ ಯುಜಿನ್ ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ. ಸಭೆಯಲ್ಲಿ ಇಬ್ಬರು ಜಗಳವಾಡಿದರೆ ಇಬ್ಬರಿಗೂ ಆಮೆನ್ ಹೇಳಿ ಮನೆಗೆ ಹೋಗುವವರು. ಅವರು ಯೋಚಿಸಿ ತೀರ್ಪು ಕೊಟ್ಟರು: ನವೆಂಬರಿನ ಕೊನೆಯ ಶುಕ್ರವಾರ ಬರಿಯ ಕೀರ್ತನೆಗಳ ಆರಾಧನೆ, ಪ್ರಯೋಗಕ್ಕಾಗಿ. ಮುಗಿದ ಮೇಲೆ ಸಭೆಯವರೇ ಕೈ ಎತ್ತಿ ನಿರ್ಧರಿಸಲಿ. ಕೀರ್ತನೆ ಗೆದ್ದರೆ ಮುಂದೆ ಅದೇ ಪದ್ಧತಿ. ಅಂದರೆ ಕೀಬೋರ್ಡು ಪೆಟ್ಟಿಗೆಯೊಳಗೆ, ಕ್ಯಾರಲ್ ರದ್ದು, ಮಗ್ದಲೀನಳ ತಂಡ ವಿಸರ್ಜನೆ.

ಆ ದಿನ ಮನೆಗೆ ಬರುವಾಗ ಕಾರಿನಲ್ಲಿ ಮಗ್ದಲೀನ್ ಜಗಳವಾಡಲಿಲ್ಲ. (ಕಾರು ಓಡಿಸುವುದು ಅವಳು. ನನ್ನ ಮತ್ತು ದುಬೈಯ ಡ್ರೈವಿಂಗ್ ಪರೀಕ್ಷೆಯ ಸಂಬಂಧ ಬೇರೆಯೇ ಒಂದು ಕಥೆ.) ಸಿಗ್ನಲಿನಲ್ಲಿ ನಿಂತಾಗ ಮೆಲ್ಲಗೆ ಹೇಳಿದಳು, "ವಾರವಿಡೀ ಆಸ್ಪತ್ರೆಯ ವಾರ್ಡಿನಲ್ಲಿ ಮೆಷಿನಿನ ಸದ್ದು ಕೇಳುತ್ತೇನೆ. ಶುಕ್ರವಾರ ಒಂದು ದಿನ ನನ್ನ ಸದ್ದು ನಾನು ಕೇಳುತ್ತೇನೆ. ನಿಮಗೆ ಅದೂ ಕಣ್ಣಿಗೆ ಬಿತ್ತಾ?"

ಬುದ್ಧಿವಂತನಾದ ಗಂಡ ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು, "ಸತ್ಯದ ಮುಂದೆ ಸಂಬಂಧ ನೋಡಬಾರದು" ಎಂದೆ. ಇದು ಲಿಯೊನೆಲರ ವಾಕ್ಯ. ಅವರಿಗೆ ಮದುವೆಯಾಗಿರಲಿಲ್ಲ.

ಮರುದಿನದಿಂದ ನಮ್ಮ ಮನೆಯಲ್ಲಿ ಹೊಸ ಶಾಸನ ಜಾರಿಗೆ ಬಂತು. ಬೆಳಗ್ಗೆ ತಿಂಡಿಗೆ ಏನೆಂದು ಕೇಳಿದೆ. ಮಗ್ದಲೀನ್ ಕೂದಲು ಬಾಚುತ್ತಾ, "ಇಪ್ಪತ್ತಮೂರನೆಯ ಕೀರ್ತನೆ" ಎಂದಳು.

"ಎಂತದು?"

"ನಿಮಗೆ ಕೀರ್ತನೆ ಮಾತ್ರ ಸಾಕಲ್ಲ. ಇನ್ನು ಮುಂದೆ ಈ ಮನೆಯಲ್ಲಿ ಮಾತೂ ಅದೇ. ಮನುಷ್ಯರ ಮಾತು ಪರೀಕ್ಷೆ ಆಗದ ಹಗ್ಗ."

ಇಪ್ಪತ್ತಮೂರನೆಯ ಕೀರ್ತನೆಯಲ್ಲಿ ದೇವರೇ ಭಕ್ತನ ಮುಂದೆ ಊಟದ ಮೇಜನ್ನು ಅಣಿಮಾಡುತ್ತಾನೆ. ನಮ್ಮ ಮೇಜಿನ ಮೇಲೆ ದೇವರು ಅಣಿಮಾಡಿದ್ದು ಅರ್ಧ ಖುಬ್ಬೂಸ್ ರೊಟ್ಟಿ, ಅದೂ ನಿನ್ನೆಯದು.

ಕ್ಷೌರಕ್ಕೆ ಕಾರಿನಲ್ಲಿ ಕರಾಮಾದವರೆಗೆ ಬಿಡುತ್ತೀಯಾ ಎಂದು ಕೇಳಿದರೆ, "ಇಪ್ಪತ್ತು, ಏಳನೆಯ ವಚನ" ಎಂದಳು. ತೆಗೆದು ನೋಡಿದೆ. ಕೆಲವರು ರಥಗಳನ್ನೂ ಕುದುರೆಗಳನ್ನೂ ನೆಚ್ಚಿಕೊಳ್ಳುತ್ತಾರೆ, ನಾವು ದೇವರನ್ನು ನೆಚ್ಚಿಕೊಳ್ಳುತ್ತೇವೆ ಎಂಬರ್ಥದ ಮಾತು. ಮೆಟ್ರೋದಲ್ಲಿ ಹೋದೆ. ಏಸಿ ಯಾಕೆ ಆಫ್ ಎಂದರೆ, "ನೂರ ಇಪ್ಪತ್ತೊಂದು." ಹಗಲಿನಲ್ಲಿ ಸೂರ್ಯನು ನಿನ್ನನ್ನು ಬಾಧಿಸುವುದಿಲ್ಲ ಎಂಬ ಭರವಸೆ ಅಲ್ಲಿದೆ. (ಬರೆದವರು ದುಬೈ ನೋಡಿರಲಿಲ್ಲ ಎಂದು ಬಾಯಿಗೆ ಬಂದದ್ದನ್ನು ತಡೆದುಕೊಂಡೆ.) ಒಲೆಯ ಮೇಲೆ ಸಾರು ಸೀದುಹೋಗುವಾಗ ನಾನು ಪಕ್ಕದ ಕೋಣೆಯಲ್ಲಿ ಫೋನು ನೋಡುತ್ತಾ ಕುಳಿತಿದ್ದೆ. ಆಗ ಸಿಕ್ಕಿದ್ದು ನೂರ ಹದಿನೈದು, ಆರನೆಯ ವಚನ: ಕಿವಿಯಿದ್ದೂ ಕೇಳದ, ಮೂಗಿದ್ದೂ ಮೂಸದ ವಿಗ್ರಹಗಳ ವರ್ಣನೆ.

ಒಂದು ದಿನ ಹೊಸ ಅಂಗಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ಹೇಗೆ ಕಾಣುತ್ತೇನೆಂದು ಕೇಳಿದೆ. ಮಗ್ದಲೀನ್ ತಲೆಯಿಂದ ಕಾಲಿನವರೆಗೆ ನೋಡಿ, "ನೂರ ಎರಡು, ಆರು" ಎಂದಳು.

ಒಳ್ಳೆಯದಿರಬಹುದೆಂಬ ಆಸೆಯಿಂದ ಪುಟ ತಿರುವಿದೆ. ಮರುಭೂಮಿಯ ಗೂಬೆ.

"ಮಮ್ಮಿ ಈಸ್ ಸೋ ವಿನ್ನಿಂಗ್," ಎಂದಳು ಶಾರನ್.

ಇಷ್ಟೆಲ್ಲದರ ನಡುವೆ ನನ್ನ ತಲೆಯಲ್ಲಿದ್ದದ್ದು ನವೆಂಬರಿನ ಆ ಶುಕ್ರವಾರ. ಕನ್ನಡ ಬೈಬಲಿನಲ್ಲಿ ಕೀರ್ತನೆಗಳು ಗದ್ಯದಲ್ಲಿವೆ. ಹಾಡಬೇಕಾದರೆ ರಾಗ ಬೇಕು. ಲಿಯೊನೆಲರನ್ನು ಕೇಳಿದೆ. ಅವರು ಕೈ ಅಲ್ಲಾಡಿಸಿದರು.

"ನನ್ನ ಹತ್ತಿರ ಸಿದ್ಧಾಂತ ಮಾತ್ರ ಇರುವುದು ಮಾರಾಯ್ರೆ, ರಾಗ ಎಲ್ಲ ಮಾಫಿ, ಇಲ್ಲವೇ ಇಲ್ಲ. ನಾನು ಶಾಲೆ ಬಿಟ್ಟ ಮೇಲೆ ಬಾಯಿ ತೆರೆದು ಹಾಡಿದ್ದೇ ಇಲ್ಲ. ನೀವೇ ಒಂದು ಮಾಡಿ. ಸರಳವಾಗಿರಲಿ. ಸಿನಿಮಾದ್ದು, ಭಕ್ತಿಗೀತೆಯದ್ದು ಯಾವುದೂ ಸೇರಬಾರದು. ಶುದ್ಧವಾಗಿರಬೇಕು."

ನಾನು ನೂರನೆಯ ಕೀರ್ತನೆಯನ್ನು ಆರಿಸಿಕೊಂಡೆ. ಚಿಕ್ಕದು, ಸಂತೋಷದ್ದು. ಹಾಡುತ್ತಾ ದೇವರ ಬಾಗಿಲುಗಳೊಳಗೆ ಬನ್ನಿರೆಂದು ಜನರನ್ನು ಕರೆಯುವಂಥದು. ರಾಗಕ್ಕಾಗಿ ದಿನವೂ ಪ್ರಯತ್ನಿಸಿದೆ. ಏನು ಗುನುಗಿದರೂ ಮಗ್ದಲೀನಳ ಯಾವುದೋ ಹಾಡೇ ಆಗಿಬಿಡುತ್ತಿತ್ತು.

ಕೊನೆಗೆ ಒಂದು ಬೆಳಗ್ಗೆ ಕಂಪನಿ ಬಸ್ಸಿನಲ್ಲಿ ಜೆಬೆಲ್ ಅಲಿಗೆ ಹೋಗುತ್ತಿರುವಾಗ ಅದು ಬಂತು. ನಾನು ಅಲ್ಲಿ ಒಂದು ಗೋದಾಮಿನ ಸ್ಟೋರ್ ಕೀಪರ್. ಬಸ್ಸಿನಲ್ಲಿ ಕಣ್ಣುಮುಚ್ಚಿ ಕುಳಿತಿದ್ದೆ. ಒಂದು ರಾಗ ಒಳಗಿನಿಂದ ತಾನಾಗಿ ಎದ್ದು ಬಂತು. ಸರಳ, ಶುದ್ಧ. ಮೂರು ಸ್ವರ ಮೇಲೆ, ಎರಡು ಸ್ವರ ಕೆಳಗೆ, ಮತ್ತೆ ಅದೇ. ಯಾವ ಸಿನಿಮಾದ್ದೂ ಅಲ್ಲ, ಯಾವ ಭಕ್ತಿಗೀತೆಯದ್ದೂ ಅಲ್ಲ. ಕೀರ್ತನೆಯ ಪದಗಳು ಅದರ ಮೇಲೆ ಕೈಗವಸಿನಂತೆ ಕೂತವು. ಹಳ್ಳಿಯ ಹುಡುಗನ ಮೇಲೆ ಸ್ವರ್ಗದಿಂದ ನೇರವಾಗಿ ರಾಗ ಇಳಿದಿದೆ ಎಂದುಕೊಂಡೆ.

ಮನೆಯಲ್ಲಿ ಸ್ನಾನ ಮಾಡುವಾಗಲೆಲ್ಲ ಅಭ್ಯಾಸ. ಶಾರನ್ ಬಾಗಿಲ ಹೊರಗೆ ನಿಂತು, "ಡ್ಯಾಡ್, ಐ ನೋ ದಿಸ್ ಟ್ಯೂನ್!" ಎಂದಳು.

"ಸಾಧ್ಯವೇ ಇಲ್ಲ. ಇದು ನನ್ನದು."

"ನೋ, ಐ ಹಿಯರ್ ಇಟ್ ಎವ್ರಿ ಮಾರ್ನಿಂಗ್!"

"ನಾನು ದಿನಾ ಬೆಳಗ್ಗೆ ಹಾಡುತ್ತೇನಲ್ಲ, ಅದಕ್ಕೆ," ಎಂದೆ. ಮಕ್ಕಳ ಮಾತಿಗೆ ಕಿವಿಗೊಡಬೇಕೆಂದು ಯಾವ ಕೀರ್ತನೆಯಲ್ಲಾದರೂ ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ನವೆಂಬರಿನ ಕೊನೆಯ ಶುಕ್ರವಾರ ಹಾಲ್ ಕಿಕ್ಕಿರಿದಿತ್ತು. ಜೆಬೆಲ್ ಅಲಿಯ ಕಡೆಯ ಸದಸ್ಯರನ್ನು ಕರೆತರಲು ಸಭೆ ಪ್ರತಿ ಶುಕ್ರವಾರ ನಮ್ಮ ಕಂಪನಿ ಬಸ್ಸನ್ನೇ ಬಾಡಿಗೆಗೆ ಹಿಡಿಯುತ್ತದೆ. ಅದರ ಡ್ರೈವರ್ ಉಪ್ಪಿನಂಗಡಿಯ ಇದಿನಬ್ಬ. ಅವರು ಎಂದಿನಂತೆ ಹೊರಗೆ ಹಾಲಿನ ಕಿಟಕಿಯ ನೆರಳಿನಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ಕೀಬೋರ್ಡಿಗೆ ಬಟ್ಟೆ ಹೊದಿಸಿಟ್ಟಿತ್ತು. ಮಗ್ದಲೀನ್ ಮೂರನೆಯ ಸಾಲಿನಲ್ಲಿ ಕೈಕಟ್ಟಿ ಕುಳಿತಿದ್ದಳು. ಅವಳ ತಂಡದವರು ತೀರಿಹೋದವರ ಮನೆಗೆ ಬಂದವರಂತೆ ಅವಳ ಸುತ್ತ ಕುಳಿತಿದ್ದರು. ಲಿಯೊನೆಲ್ ತಮ್ಮ ತಣ್ಣನೆಯ ಕುರ್ಚಿಯಲ್ಲಿ ಬೈಬಲ್ ತೆರೆದು ಸಿದ್ಧರಾಗಿದ್ದರು.

ನಾನು ಮುಂದೆ ಬಂದು ಗಂಟಲು ಸರಿಮಾಡಿಕೊಂಡೆ. ಪದ್ಧತಿಯನ್ನು ವಿವರಿಸಿದೆ: ನಾನು ಒಂದು ಸಾಲು ಹಾಡುವುದು, ಸಭೆಯವರು ಅದನ್ನು ಹಾಗೆಯೇ ಮರಳಿ ಹಾಡುವುದು. ಮೈಕಿನ ಹತ್ತಿರ ಬಾಯಿಟ್ಟು ಸಮಸ್ತ ಭೂಮಿಯನ್ನು ಕರೆದು ಮೊದಲ ಸಾಲು ಹಾಡಿದೆ.

ಹಿಂದಿನ ಸಾಲುಗಳಲ್ಲಿ ಜೆಬೆಲ್ ಅಲಿಯವರು ಕುಳಿತಿದ್ದರು. ಅವರೆಲ್ಲ ಒಟ್ಟಿಗೆ ತಲೆ ತಿರುಗಿಸಿ ಹಿಂದಕ್ಕೆ ನೋಡಿದರು. ಇಬ್ಬರು ಎದ್ದು ಬದಿಗೆ ಸರಿದೇಬಿಟ್ಟರು.

ಭಕ್ತಿಯ ಪರಿಣಾಮವೆಂದುಕೊಂಡು ಎರಡನೆಯ ಸಾಲನ್ನು ಇನ್ನೂ ಗಟ್ಟಿಯಾಗಿ ಹಾಡಿದೆ. ಸಭೆ ಅದನ್ನು ಮರಳಿ ಹಾಡಿತು. ಮೂರು ಸ್ವರ ಮೇಲೆ, ಎರಡು ಸ್ವರ ಕೆಳಗೆ. ಅಷ್ಟರಲ್ಲಿ ಹಾಲಿನ ಬಾಗಿಲು ದಢಾರನೆ ತೆರೆಯಿತು. ಕೈಯಲ್ಲಿ ಚಹಾದ ಕಪ್ಪು ಹಿಡಿದ ಇದಿನಬ್ಬ ಏದುಸಿರು ಬಿಡುತ್ತಾ ಒಳಗೆ ನುಗ್ಗಿದರು.

"ಯಾರು ಮಾರಾಯ್ರೆ ನನ್ನ ಬಸ್ಸು ರಿವರ್ಸ್ ತೆಗೀತಾ ಇರೂದು? ಯಾರ ಹತ್ತಿರ ಉಂಟು ಚಾವಿ?"

ಆಗ ನನಗೆ ಬೆಳಕಾಯಿತು. ಪ್ರತಿದಿನ ಬೆಳಗ್ಗೆ ಇದಿನಬ್ಬ ನಮ್ಮ ಕಟ್ಟಡದ ಹಿಂದಿನ ಕುರುಡು ಓಣಿಗೆ ಬಸ್ಸು ತಂದು, ನನ್ನನ್ನು ಹತ್ತಿಸಿಕೊಂಡು, ರಿವರ್ಸಿನಲ್ಲಿ ಹೊರಗೆ ತೆಗೆಯುತ್ತಾರೆ. ಹಿಂದಕ್ಕೆ ಹೋಗುವಾಗ ಆ ಬಸ್ಸು ಒಂದು ರಾಗ ಹಾಡುತ್ತದೆ. ಅರೆನಿದ್ದೆಯಲ್ಲಿ ವರ್ಷಗಟ್ಟಲೆ ಕೇಳಿದ ಆ ರಾಗವೇ ಸ್ವರ್ಗದಿಂದ ಇಳಿದು ಬಂದದ್ದು. ಕೀರ್ತನೆಯ ಪದಗಳು ಒಳಗೆ ಬನ್ನಿ ಒಳಗೆ ಬನ್ನಿ ಎನ್ನುತ್ತಿದ್ದವು. ರಾಗ ಹಿಂದೆ ಸರಿಯಿರಿ ಹಿಂದೆ ಸರಿಯಿರಿ ಎನ್ನುತ್ತಿತ್ತು. ಜನ ರಾಗವನ್ನು ನಂಬಿದ್ದರು.

ಹಾಲ್ ಇಡೀ ನಗೆಯಲ್ಲಿ ಮುಳುಗಿತು. ಪಾಸ್ಟರ್ ಯುಜಿನ್ ಬೈಬಲಿನಿಂದ ಮುಖ ಮುಚ್ಚಿಕೊಂಡರು. ಅವರ ಭುಜ ಕುಣಿಯುತ್ತಿತ್ತು. ಶಾರನ್, "ಐ ಟೋಲ್ಡ್ ಹಿಮ್! ಐ ಟೋಲ್ಡ್ ಹಿಮ್!" ಎಂದು ಪಕ್ಕದ ಹುಡುಗಿಗೆ ಹೇಳುತ್ತಿದ್ದಳು. ನಾನು ಮೈಕಿನ ಮುಂದೆ ನಿಂತೇ ಇದ್ದೆ. ಇಪ್ಪತ್ತೆರಡನೆಯ ಕೀರ್ತನೆಯಲ್ಲಿ, ನಾನು ಮನುಷ್ಯನಲ್ಲ, ಹುಳ, ಎಂದು ಒಬ್ಬ ಭಕ್ತ ಹೇಳಿಕೊಳ್ಳುತ್ತಾನೆ. ಅವನ ಕಷ್ಟ ಮೊದಲ ಬಾರಿಗೆ ಪೂರ್ತಿ ಅರ್ಥವಾಯಿತು.

ಇನ್ನು ಎರಡು ನಿಮಿಷ ಸುಮ್ಮನಿದ್ದಿದ್ದರೆ ಮಗ್ದಲೀನ್ ಗೆದ್ದುಬಿಡುತ್ತಿದ್ದಳು. ಕೀಬೋರ್ಡಿನ ಬಟ್ಟೆ ತಾನಾಗಿ ಜಾರುತ್ತಿತ್ತು. ಆದರೆ ಅವಳು ಎದ್ದು ನಿಂತಳು. ನಾನಿದ್ದ ಕಡೆ ನೋಡಲೇ ಇಲ್ಲ. ಕಣ್ಣುಮುಚ್ಚಿ ಅದೇ ನೂರನೆಯ ಕೀರ್ತನೆಯನ್ನು ಮೊದಲಿಂದ ಎತ್ತಿಕೊಂಡಳು. ಭತ್ತ ಕುಟ್ಟುವಾಗ ಅವಳ ಅಜ್ಜಿ ಹೇಳುತ್ತಿದ್ದ ಯಾವುದೋ ನಿಧಾನದ ಧಾಟಿ. ವಾದ್ಯವಿಲ್ಲ, ಮೈಕೂ ಇಲ್ಲ. ನಗು ಒಂದೊಂದೇ ಸಾಲಿನಲ್ಲಿ ನಿಂತುಹೋಯಿತು. ಎರಡನೆಯ ಸಾಲಿಗೆ ಅವಳ ತಂಡ ಸೇರಿತು, ಮೂರನೆಯದಕ್ಕೆ ಸಭೆಯೆಲ್ಲ. ಇದಿನಬ್ಬ ಚಹಾದ ಕಪ್ಪನ್ನು ಎದೆಗೆ ಹಿಡಿದು ಬಾಗಿಲಲ್ಲೇ ನಿಂತರು.

ನಾಲ್ಕನೆಯ ಸಾಲಿನ ಹೊತ್ತಿಗೆ ಏಸಿಯ ಕೆಳಗಿನಿಂದ ಒಂದು ಸ್ವರ ಎದ್ದಿತು. ಅಂಥ ಆಳದ ಸ್ವರವನ್ನು ನಾನು ಹಡಗುಗಳಿಂದ ಮಾತ್ರ ಕೇಳಿದ್ದೆ. ಕುರ್ಚಿಗಳ ಕಾಲು ಅದುರಿದವು. ನೋಡಿದರೆ ಲಿಯೊನೆಲ್. ಬಾಯಿ ಪೂರ್ತಿ ತೆರೆದಿತ್ತು. ಅವರ ಮುಖದಲ್ಲಿ ನಮ್ಮೆಲ್ಲರಿಗಿಂತ ಹೆಚ್ಚಿನ ಆಶ್ಚರ್ಯವಿತ್ತು.

ಮಗ್ದಲೀನಳ ಕಣ್ಣು ತಟ್ಟನೆ ತೆರೆಯಿತು. ಅವಳ ತಂಡದಲ್ಲಿ ಬೇಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ಆಳದ ಸ್ವರ, ಹಾಡುತ್ತಿದ್ದವನು ದೋಹಾಕ್ಕೆ ಹೋದ ಮೇಲೆ ಆ ಜಾಗ ಖಾಲಿ ಇತ್ತು. ಹಾಡುತ್ತಲೇ ಅವಳು ಲಿಯೊನೆಲರನ್ನು ನೋಡಿದ ನೋಟವಿದೆಯಲ್ಲ, ಮೀನಿನ ಮಾರುಕಟ್ಟೆಯಲ್ಲಿ ತಾಜಾ ಅಂಜಲು ಕಂಡಾಗ ಅವಳು ನೋಡುವುದು ಹಾಗೆಯೇ.

ಕೈ ಎತ್ತುವ ಹೊತ್ತು ಬಂತು. ಪಾಸ್ಟರ್ ಮೊದಲು "ಕೀರ್ತನೆ ಮಾತ್ರ" ಎಂದರು. ಸ್ವಲ್ಪ ಕೈ ಎದ್ದವು. "ಮೊದಲಿನ ಹಾಗೆ" ಎಂದರು. ಸ್ವಲ್ಪ ಕೈ ಎದ್ದವು. ಆಗ ಮಗ್ದಲೀನ್, "ಪಾಸ್ಟರೆ, ಆರಾಧನೆಯ ಮೊದಲಿಗೆ ಒಂದು ಕೀರ್ತನೆ, ವಾದ್ಯ ಇಲ್ಲದೆ. ಆಮೇಲೆ ನಮ್ಮ ಹಾಡುಗಳು. ಕೀರ್ತನೆ ನಾನು ಹೇಳಿಕೊಡುತ್ತೇನೆ" ಎಂದಳು. ಕಾಡಿನಂತೆ ಕೈ ಎದ್ದವು. ಪಾಸ್ಟರ್ ಎರಡೂ ಪಕ್ಷಕ್ಕೆ ಆಮೆನ್ ಹೇಳುವ ಅವಕಾಶ ಸಿಕ್ಕಿದ ಸಂತೋಷದಲ್ಲಿ ಎರಡು ಸಲ ಆಮೆನ್ ಹೇಳಿದರು.

ಮನೆಗೆ ಬಂದ ಮೇಲೆ ನಾನು ಮೆಲ್ಲಗೆ ಕೇಳಿದೆ, "ನನ್ನನ್ನು ಕಾಪಾಡಿದೆಯಲ್ಲ, ಯಾಕೆ?"

"ನಿಮ್ಮನ್ನು ಯಾರು ಕಾಪಾಡಿದ್ದು?" ಅವಳು ಕಿವಿಯ ಓಲೆ ಬಿಚ್ಚುತ್ತಾ ಹೇಳಿದಳು. "ಜನ ನಿಮ್ಮನ್ನು ನೋಡಿ ನಗಲಿ, ಬೇಕಾದಷ್ಟು ನಗಲಿ. ಕೀರ್ತನೆ ಎಂತ ತಪ್ಪು ಮಾಡಿದೆ ಪಾಪ?"

ಮನುಷ್ಯರ ಮಾತಿನಲ್ಲಿ ಅವಳು ನನಗೆ ಉತ್ತರ ಕೊಟ್ಟದ್ದು ಎಷ್ಟೋ ದಿನಗಳ ಮೇಲೆ. ಆ ಸಂತೋಷದಲ್ಲಿ ಅರ್ಥದ ಕಡೆ ಹೆಚ್ಚು ಗಮನ ಕೊಡಲಿಲ್ಲ.

ಭಾನುವಾರ ಬೆಳಗ್ಗೆ ಬಸ್ಸು ಹತ್ತಿದೆ. ಇದಿನಬ್ಬ ರಿವರ್ಸ್ ಗೇರ್ ಹಾಕುವ ಮೊದಲು ಹಿಂದಕ್ಕೆ ತಿರುಗಿ, "ಜಯಪಾಲಣ್ಣ, ಶುರು ಮಾಡ್ಲಾ?" ಎಂದರು. ಬಸ್ಸು ರಾಗ ಎತ್ತಿತು. ಮುಗಿದ ಕೂಡಲೇ ಹೈದರಾಬಾದಿನವರು, ಮಲಯಾಳಿಗಳು, ನೇಪಾಳದವರು ಎಲ್ಲರೂ ಸೇರಿ "ಆಮೆನ್" ಎಂದರು. ಸುದ್ದಿ ನನಗಿಂತ ಮೊದಲೇ ಜೆಬೆಲ್ ಅಲಿ ತಲುಪಿತ್ತು.

ಸಮಿತಿಯವರು ನನ್ನ ಶ್ರದ್ಧೆ ವ್ಯರ್ಥವಾಗಬಾರದೆಂದು ಒಂದು ಸೇವೆ ವಹಿಸಿದರು. ನಮ್ಮ ಚರ್ಚಿನ ಕಾಂಪೌಂಡಿನಲ್ಲಿ ಹತ್ತಾರು ಭಾಷೆಯ ಸಭೆಗಳು ಒಂದರ ಹಿಂದೆ ಒಂದು ನಡೆಯುತ್ತವೆ. ಕಾರು ನಿಲ್ಲಿಸುವುದೇ ಒಂದು ಯುದ್ಧ. ನನಗೆ ಹೊಳೆಯುವ ಕಿತ್ತಳೆ ಬಣ್ಣದ ಜಾಕೆಟ್ಟು, ಒಂದು ಸೀಟಿ. ಹಾಡುಗಳು ನಡೆಯುವ ಹೊತ್ತು ಪೂರ್ತಿ ನಾನು ಬಿಸಿಲಿನಲ್ಲಿ ಪಾರ್ಕಿಂಗ್ ನೋಡಿಕೊಳ್ಳಬೇಕು, ಪಾಸ್ಟರರ ಪ್ರಸಂಗದ ಹೊತ್ತಿಗೆ ಒಳಗೆ ಬರಬಹುದು. "ಈ ಕೆಲಸದಲ್ಲಿ ನಿಮಗೆ ಅನುಭವ ಉಂಟಲ್ಲ," ಎಂದರು ಪಾಸ್ಟರ್. ಅವರು ಹಾಸ್ಯ ಮಾಡಿದ್ದೋ ಅಲ್ಲವೋ ಇವತ್ತಿಗೂ ಗೊತ್ತಾಗಿಲ್ಲ.

ಲಿಯೊನೆಲ್ ಮೊದಲು ಕೀರ್ತನೆಯ ಅಭ್ಯಾಸಕ್ಕೆಂದು ಮಾತ್ರ ನಮ್ಮ ಮನೆಗೆ ಬಂದರು. ಅಭ್ಯಾಸವಾದ ಮೇಲೆ ನೀರುದೋಸೆ, ಕೋಳಿ ಸುಕ್ಕ ಇರುತ್ತಿತ್ತು. ಎರಡನೆಯ ವಾರ ತಂಡದವರು ಕ್ಯಾರಲ್ ಅಭ್ಯಾಸ ಮಾಡುವಾಗ ಅವರು ತಟ್ಟೆ ಹಿಡಿದು ಕೇಳುತ್ತಾ ಕುಳಿತರು. ಮೂರನೆಯ ವಾರ ಬಾಯಿ ಮುಚ್ಚಿಕೊಂಡೇ ಬೇಸ್ ಗುನುಗಿದರು. ನಾನು ಗಾಬರಿಯಿಂದ ನೋಡಿದೆ. "ಗುನುಗುವುದು ಹಾಡುವುದಲ್ಲ, ಅದರಲ್ಲಿ ಪದ ಇಲ್ಲ," ಎಂದು ಸಿದ್ಧಾಂತ ವಿವರಿಸಿದರು. ಕ್ರಿಸ್ಮಸ್ಸಿನ ಹಿಂದಿನ ವಾರ ಪದಗಳೂ ಹೊರಬಂದವು.

ನಾನು ಅವರನ್ನು ಅಡುಗೆಮನೆಯ ಬಾಗಿಲಿಗೆ ಕರೆದೆ. "ಲಿಯೊನೆಲರೆ, ಪರೀಕ್ಷೆ ಆಗದ ಹಗ್ಗ? ನಿಮ್ಮ ಸಿದ್ಧಾಂತ?"

"ಸಿದ್ಧಾಂತಕ್ಕೆ ಎಂತ ಆಗಿದೆ? ಅದು ಹಾಗೆಯೇ ಉಂಟು ಮಾರಾಯ್ರೆ," ಎಂದು ಅವರು ನನ್ನ ಭುಜ ತಟ್ಟಿದರು. "ಸ್ವಲ್ಪ ದಿನ ಅದನ್ನು ನೀವು ನೋಡಿಕೊಳ್ಳಿ." ಒಳಗಿನಿಂದ ಮಗ್ದಲೀನ್, "ಲಿಯೊನೆಲಣ್ಣ, ಯಲ್ಲಾ, ಬೇಗ ಬನ್ನಿ, ನಿಮ್ಮ ಸಾಲು!" ಎಂದು ಕೂಗಿದಳು. ಅವರು ಓಡಿದರು.

ಲಿಯೊನೆಲ್ ಅವರು ಈಗ ನನ್ನ ಹೆಂಡತಿಯ ಗಾಯನ ತಂಡದಲ್ಲಿ ಬೇಸ್ ಹಾಡುತ್ತಾರೆ.